ಮಗಳ ಹೆಸರಿನ ಗ್ರಹ

ಮಂಗಳ ಗುರುಗಳೆಂಬ ಗ್ರಹಗಳನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಇವೆರಡರ ನಡುವಣ ಅವಕಾಶದಲ್ಲಿ ಲಕ್ಷಾಂತರ ಕ್ಷುದ್ರಗ್ರಹಗಳು ಸೂರ್ಯನನ್ನು ಪ್ರದಕ್ಷಿಣೆ ಮಾಡುತ್ತಿರುವುವೆಂಬುದನ್ನು ಬಲ್ಲವರು ವಿರಳ. ಅವುಗಳಲ್ಲಿ ನಾಲ್ವತ್ತೆರಡನೆಯದಾಗಿ ಎಣಿಕೆಗೆ ಬಂದ ‘ಐಸಿಸ್’ ಎಂಬುದರ ವೃತ್ತಾಂತವನ್ನು ಇಲ್ಲಿ ನಿರೂಪಿಸುತ್ತೇವೆ. ಇದು ಗ್ರಹದ ಕಥೆಯೂ ಹೌದು, ಒಂದು ಸಂಸಾರದ ಕಥೆಯೂ ಹೌದು.

1856ನೆಯ ಇಸವಿ ಮೇ 23ರಂದು ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ರ್ಯಾಡ್‌ಕ್ಲಿಫ್ ವೇಧಶಾಲೆಯಲ್ಲಿ ಸಹಾಯಕರಾಗಿದ್ದ ನಾರ್ಮನ್ ಪಾಗ್ಸನ್ನರು ಇದನ್ನು ಕಂಡುಹಿಡಿದರು. ಆಗ ಇಂಥ ಶೋಧಕ್ಕೆ ಛಾಯಾಚಿತ್ರದ ನೆರವಿರಲಿಲ್ಲ. ದೂರದರ್ಶಕದಲ್ಲಿ ಕಂಡ ಚುಕ್ಕೆಗಳನ್ನು ನಕಾಶೆಯೊಡನೆ ಒಂದೊಂದಾಗಿ ಹೋಲಿಸಿ ನೋಡಬೇಕಾಗಿತ್ತು. ನಕ್ಷತ್ರವು ತನ್ನ ನೆರೆಹೊರೆಯನ್ನು ಬಿಟ್ಟು ಕದಲದು. ಯಾವ ಚುಕ್ಕೆ ಮರುದಿನ ಸ್ಥಾನವನ್ನು ಬದಲಿಸಿತೋ ಅದೇ ಗ್ರಹ. ಹೀಗೆ ಕೆಲವು ರಾತ್ರಿಗಳ ಸ್ಥಾನಗಳು ದೊರೆತರೆ ಗಣಿತದಿಂದ ಅದರ ಕಕ್ಷೆಯನ್ನು ನಿರ್ಣಯಿಸಬಹುದು.

ಸುಮಾರು 100 ಕಿಲೋಮೀಟರು ಅಡ್ಡಗಲದ ಈ ಕಲ್ಲಿನ ಪಿಂಡವು ಸೂರ್ಯನನ್ನು ಒಂದು ಸಲ ಸುತ್ತಲು ಸುಮಾರು 3 ವರ್ಷ 10 ತಿಂಗಳು ಹಿಡಿಯುವುದು. ಅದರ ದಾರಿ ದೀರ್ಘವೃತ್ತ. ಭೂಮಿಗೂ ಸೂರ್ಯನಿಗೂ ಇರುವ ದೂರವನ್ನು ಒಂದೆಂದು ಎಣಿಸಿದರೆ, ಐಸಿಸ್ ಒಮ್ಮೆ 1.9ರಷ್ಟು ಸಮೀಪಕ್ಕೆ ಬಂದು, ಮತ್ತೊಮ್ಮೆ 3ರಷ್ಟು ದೂರಕ್ಕೆ ಸರಿಯುವುದು.

ಇನ್ನು ಹೆಸರಿನ ವಿಚಾರ. ಐಸಿಸ್ ಎಂಬುದು ಪ್ರಾಚೀನ ಈಜಿಪ್ಟಿನ ದೇವತೆಯ ನಾಮ. ಆಕ್ಸ್‌ಫರ್ಡಿನ ಬಳಿ ಥೇಮ್ಸ್ ನದಿಗೂ ಅದೇ ಹೆಸರುಂಟು. ಪಾಗ್ಸನ್ನರಿಗೆ ಆಗ ಮೂರು ವರ್ಷದ ಮಗಳಿದ್ದಳು, ಎಲಿಜಬೆತ್ ಐಸಿಸ್. ವೇಧಶಾಲೆಯ ಅಧ್ಯಕ್ಷರಾದ ಮ್ಯಾನ್ಯುಯಲ್ ಜಾನ್ಸನ್ನರು ಈ ಮಗುವನ್ನು ನೆನೆದೇ ನಾಮಕರಣ ಮಾಡಿದರೆಂದು ಪ್ರತೀತಿ.

1861ರಲ್ಲಿ ಪಾಗ್ಸನ್ನರು ಮದರಾಸಿನ ಸರ್ಕಾರೀ ಜ್ಯೋತಿರ್ವಿದರಾಗಿ ಸಂಸಾರಸಮೇತ ಬಂದರು. ಆ ಏಪ್ರಿಲ್ ತಿಂಗಳಲ್ಲಿಯೇ ಮತ್ತೊಂದು ಕ್ಷುದ್ರಗ್ರಹವನ್ನು ಕಂಡರು. ಏಷ್ಯಾಖಂಡದಲ್ಲಿ ಕಂಡ ಮೊದಲನೆಯದಾದುದರಿಂದ ಅದಕ್ಕೆ ‘ಏಷ್ಯಾ’ ಎಂದೇ ಹೆಸರಾಯಿತು. ಮಗಳು ಬೆಳೆದು 1873ರಲ್ಲಿ ಮದರಾಸು ವೇಧಶಾಲೆಯ ಗಣಕಳಾಗಿ ನೇಮಕಹೊಂದಿ, ತಂದೆ 1891ರಲ್ಲಿ ಗತಿಸಿದ ಮೇಲೂ ಕೆಲಸವನ್ನು ಬಿಡದೆ, ಒಟ್ಟು ಇಪ್ಪತ್ತೈದು ವರ್ಷ ದುಡಿದಳು.

1886ರಲ್ಲಿ ತಂದೆಯು ಆಕೆಯ ಹೆಸರನ್ನು ಲಂಡನ್ನಿನ ರಾಯಲ್ ಅಸ್ಟ್ರಾನಾಮಿಕಲ್ ಸೊಸೈಟಿಯ ಸದಸ್ಯತ್ವಕ್ಕೆ ಸೂಚಿಸಿದರು. ನ್ಯಾಯವಾದಿಗಳು 1831ರ ಸನದನ್ನು ತೆಗೆದುನೋಡಿದರು. ಅದರಲ್ಲಿ ಸದಸ್ಯನನ್ನು ಕುರಿತು ‘ಅವನು’ ಎಂದಿದೆಯೇ ಹೊರತು ‘ಅವಳು’ ಎಂದಿಲ್ಲ. ಆದುದರಿಂದ ಸ್ತ್ರೀಯರಿಗೆ ಅಧಿಕಾರವಿಲ್ಲವೆಂದರು. ಸೂಚನೆಯು ಹಿಂದಕ್ಕೆ ಹೋಯಿತು.

ಇದನ್ನು ಓದಿದಾಗ, ಬಹುಕಾಲ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನಮಗೆ ನಗೆಯೂ ವ್ಯಥೆಯೂ ಒಟ್ಟಿಗೆ ಬಂದುವು. ‘ಪಿತರೌ’ ಎಂದರೆ ತಂದೆತಾಯಿಗಳಿಬ್ಬರೂ ಎಂದು ನಮ್ಮ ಎಳೆಯ ವಿದ್ಯಾರ್ಥಿಗಳೂ ಬಲ್ಲರು. ಸ್ತ್ರೀಪುರುಷರನ್ನು ಕೂಡಿ ಹೇಳುವಲ್ಲಿ ಪುಂಲಿಂಗವೊಂದೇ ಉಳಿದು ಇಬ್ಬರನ್ನೂ ಬೋಧಿಸುವುದೆಂದು ಪಾಣಿನಿಯು ವಿಧಿಸಿರುವನು. ಆ ಸನದನ್ನು ಓದಿದವರಿಗೆ ಅಷ್ಟು ಔದಾರ್ಯವಿರಲಿಲ್ಲ.

ಕೊನೆಗೆ 1920ರಲ್ಲಿ, ಅರುವತ್ತೆಂಟನೆಯ ವಯಸ್ಸಿನಲ್ಲಿ, ಆಕೆಗೆ ಆ ಸದಸ್ಯತ್ವವು ದೊರೆಯಿತು. ಅದನ್ನು ನೋಡಲು ತಂದೆಯಿರಲಿಲ್ಲ. ಆ ಮೂವತ್ತನಾಲ್ಕು ವರ್ಷಗಳಲ್ಲಿ ಆಕೆಯ ಹೆಸರಿನ ಗ್ರಹವು ಸೂರ್ಯನನ್ನು ಹೆಚ್ಚುಕಡಮೆ ಒಂಬತ್ತು ಸಲ ಸುತ್ತಿತ್ತು. ನಮ್ಮ ಮನೆಗಳಲ್ಲಿಯೂ ಲೆಕ್ಕದಲ್ಲಿ ಜಾಣೆಯರಾದ ಹೆಣ್ಣುಮಕ್ಕಳಿರುವರು. ಅವರನ್ನು ಅಷ್ಟು ಕಾಲ ಕಾಯಿಸದಿರೋಣ.