ನೊಂದವರ ಪಕ್ಕದಲ್ಲಿ ನಿಲ್ಲುವ ವಿದ್ಯೆ

ಬಳ್ಳಾರಿ ನಗರದ ನ್ಯಾಯಾಲಯದ ಆವರಣದಲ್ಲಿ ಕೆಲಸದ ದಿನ ಒಂದು ಗಂಟೆ ನಿಂತರೆ ಸಾಕು, ಈ ನೋಟ ಕಣ್ಣಿಗೆ ಬೀಳುತ್ತದೆ. ಸಿರುಗುಪ್ಪದ ಕಡೆಯಿಂದ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರವನ್ನು ಬಸ್ಸಿನಲ್ಲಿ ಕಳೆದು ಬಂದ ತಾಯಿ ಮಗಳು ಗೋಡೆಗೆ ಒರಗಿ ಕುಳಿತಿರುತ್ತಾರೆ. ಅನ್ಯಾಯ ಆಗಿರುವುದು ಅವರಿಗೇ. ಆದರೂ ಕೂಗುವ ಹೆಸರುಗಳಲ್ಲಿ ತಮ್ಮದು ಯಾವಾಗ ಬರುವುದೆಂಬುದು ಅವರಿಗೆ ತಿಳಿಯದು. ಆರೋಪಿಗೆ ವಕೀಲರಿದ್ದಾರೆ, ಇಲ್ಲದಿದ್ದರೆ ಸರ್ಕಾರವೇ ಒಬ್ಬರನ್ನು ನೇಮಿಸುತ್ತದೆ. ಪ್ರಕರಣ ನಡೆಸಲು ಸರ್ಕಾರಿ ಅಭಿಯೋಜಕರಿದ್ದಾರೆ, ಆದರೆ ಅವರು ಸರ್ಕಾರದ ಪರ. ಹಾಗಾದರೆ ನೊಂದವರ ಪಕ್ಕದಲ್ಲಿ ಯಾರಿದ್ದಾರೆ? ಬಹುಕಾಲ ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಉತ್ತರವೇ ಇರಲಿಲ್ಲ. ಉತ್ತರ ಹುಡುಕಿದವರಲ್ಲಿ ನ್ಯಾಯಾಧೀಶರೂ ಇದ್ದರು, ಅವರಷ್ಟೇ ಮುಖ್ಯರಾಗಿ ಅಧ್ಯಾಪಕರೂ ಇದ್ದರು. ಪಾಠ ಹೇಳುವುದನ್ನೇ ಕಾಯಕವಾಗಿಸಿಕೊಂಡ ಅಂಥವರ ಕಥೆಯನ್ನು ನಮ್ಮ ಓದುಗ ಬಂಧುಗಳು ಅರಿಯಬೇಕೆಂಬುದು ಈ ಬರಹದ ಆಶಯ.

ಹಿಂದೆ ಕಾನೂನು ಕಾಲೇಜುಗಳಲ್ಲಿ ಅಪರಾಧದ ಪಾಠವೆಂದರೆ ಅಪರಾಧಿಯ ಪಾಠವೇ ಆಗಿತ್ತು. ಅವನ ಉದ್ದೇಶವೇನು, ಅವನಿಗೆ ಯಾವ ಕಲಮು, ಎಷ್ಟು ಶಿಕ್ಷೆ ಎಂಬಲ್ಲಿಗೆ ಪಾಠ ಮುಗಿಯುತ್ತಿತ್ತು. ಪೆಟ್ಟು ತಿಂದವನ ಹೆಸರು ಸಾಕ್ಷಿಗಳ ಪಟ್ಟಿಯಲ್ಲಿ ಒಂದನೆಯದಾಗಿ ಬಂದು ಅಲ್ಲಿಗೇ ಉಳಿಯುತ್ತಿತ್ತು. ಜಗತ್ತಿನ ಬೇರೆಡೆಯೂ ಸ್ಥಿತಿ ಬಹಳ ಭಿನ್ನವಾಗಿರಲಿಲ್ಲ. ಅಪರಾಧಕ್ಕೆ ಈಡಾದವರಿಗೆ ಸರ್ಕಾರವೇ ಪರಿಹಾರ ಕೊಡಬೇಕೆಂಬ ಕಾಯಿದೆಯನ್ನು ಮೊದಲು ಮಾಡಿದ ದೇಶ ನ್ಯೂಜಿಲೆಂಡ್. ಅದು 1963ರ ಮಾತು. ವಿಶ್ವಸಂಸ್ಥೆಯು ನೊಂದವರ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿದ್ದು 1985ರ ನವೆಂಬರಿನಲ್ಲಿ. ನೊಂದವರನ್ನು ಗೌರವದಿಂದ ನಡೆಸಿಕೊಳ್ಳಬೇಕು, ಪ್ರಕರಣದ ಸ್ಥಿತಿಯನ್ನು ಅವರಿಗೆ ತಿಳಿಸಬೇಕು ಎಂದಷ್ಟೇ ಅದು ಹೇಳಲಿಲ್ಲ. ಪೊಲೀಸರಿಗೂ ವೈದ್ಯರಿಗೂ ನ್ಯಾಯಾಲಯದ ಸಿಬ್ಬಂದಿಗೂ ಈ ವಿಷಯದಲ್ಲಿ ತರಬೇತಿ ಬೇಕೆಂದೂ ಹೇಳಿತು. ಕರುಣೆ ಮನಸ್ಸಿನಲ್ಲಿ ತಾನಾಗಿ ಹುಟ್ಟಬಹುದು, ಆದರೆ ನೆರವಾಗುವ ರೀತಿಯನ್ನು ಕಲಿತೇ ತಿಳಿಯಬೇಕು ಎಂಬ ವಿವೇಕ ಆ ಮಾತಿನಲ್ಲಿತ್ತು.

ನಮ್ಮ ನಾಡಿನಲ್ಲಿ ಇಂಥ ಕಲಿಕೆಗೆ ಬುನಾದಿ ಹಾಕಿದವರಲ್ಲಿ ಪ್ರೊಫೆಸರ್ ಎನ್.ಆರ್. ಮಾಧವ ಮೆನನ್ ಅವರ ಹೆಸರು ಮೊದಲು ಬರುತ್ತದೆ. ಕೇರಳದಲ್ಲಿ 1935ರಲ್ಲಿ ಜನಿಸಿದ ಅವರು ಅಲಿಗಢದಲ್ಲಿಯೂ ದೆಹಲಿ ವಿಶ್ವವಿದ್ಯಾಲಯದಲ್ಲಿಯೂ ಕಾನೂನು ಬೋಧಿಸಿದರು. ಪುಸ್ತಕದ ಕಾನೂನು ಬಡವನ ಮನೆಯ ಬಾಗಿಲಿಗೆ ಹೋಗದಿದ್ದರೆ ಅದು ಅರ್ಧ ವಿದ್ಯೆ ಎಂದು ನಂಬಿದ್ದ ಅವರು, ದೆಹಲಿಯಲ್ಲಿದ್ದಾಗಲೇ ವಿದ್ಯಾರ್ಥಿಗಳನ್ನು ಕಾನೂನು ನೆರವಿನ ಕೆಲಸಕ್ಕೆ ಹಚ್ಚಿದರು. ಮುಂದೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಆರಂಭವಾದಾಗ ಅದರ ಸ್ಥಾಪಕ ನಿರ್ದೇಶಕರಾಗಿ ಬಂದು, ಹನ್ನೆರಡು ವರ್ಷಗಳ ಕಾಲ ಅದನ್ನು ಕಟ್ಟಿ ಬೆಳೆಸಿದರು. ವೈದ್ಯ ವಿದ್ಯಾರ್ಥಿಯು ರೋಗಿಯ ಹಾಸಿಗೆಯ ಬಳಿ ಕಲಿಯುವಂತೆ, ಕಾನೂನು ವಿದ್ಯಾರ್ಥಿಯು ಕಷ್ಟದಲ್ಲಿರುವ ಮನುಷ್ಯನ ಎದುರು ಕುಳಿತು ಕಲಿಯಬೇಕೆಂಬುದು ಅವರ ಬೋಧನೆಯ ಸಾರ. ಬಳಿಕ ಕೊಲ್ಕತ್ತದ ಕಾನೂನು ವಿಶ್ವವಿದ್ಯಾಲಯವನ್ನು ಕಟ್ಟಿದ ಅವರು, ಭೋಪಾಲದ ರಾಷ್ಟ್ರೀಯ ನ್ಯಾಯಾಂಗ ಅಕಾಡೆಮಿಯ ನಿರ್ದೇಶಕರಾಗಿ ನ್ಯಾಯಾಧೀಶರ ತರಬೇತಿಯ ಹೊಣೆಯನ್ನೂ ಹೊತ್ತರು. ಅವರು 2019ರ ಮೇ ತಿಂಗಳಿನಲ್ಲಿ ತೀರಿಕೊಂಡರು.

ಈ ಅಧ್ಯಾಪಕರ ಬದುಕಿನೊಂದಿಗೆ ನಮ್ಮ ಕನ್ನಡ ನಾಡಿನ ಹಿರಿಯ ನ್ಯಾಯಮೂರ್ತಿಯೊಬ್ಬರ ಹೆಸರೂ ಸೇರಿಕೊಂಡಿದೆ. ಕರ್ನಾಟಕ ಮತ್ತು ಕೇರಳ ಉಚ್ಚ ನ್ಯಾಯಾಲಯಗಳ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ.ಎಸ್. ಮಳಿಮಠ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರವು 2000ದಲ್ಲಿ ಅಪರಾಧ ನ್ಯಾಯ ವ್ಯವಸ್ಥೆಯ ಸುಧಾರಣೆಗಾಗಿ ಸಮಿತಿಯೊಂದನ್ನು ನೇಮಿಸಿತು. ಮೆನನ್ ಅವರು ಅದರ ಸದಸ್ಯರು. 2003ರಲ್ಲಿ ಸಲ್ಲಿಕೆಯಾದ ವರದಿಯ ಕೆಲವು ಶಿಫಾರಸುಗಳು, ಅದರಲ್ಲಿಯೂ ಆರೋಪ ಸಾಬೀತಿನ ಮಟ್ಟವನ್ನು ಸಡಿಲಿಸುವ ಸಲಹೆ, ತೀವ್ರ ಟೀಕೆಗೆ ಗುರಿಯಾದವು ಎಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ನೊಂದವರಿಗೂ ವಕೀಲರಿರಬೇಕು, ಪ್ರಕರಣದಲ್ಲಿ ಅವರ ಮಾತಿಗೆ ಸ್ಥಾನವಿರಬೇಕು, ಪರಿಹಾರ ಕೊಡುವುದು ಸರ್ಕಾರದ ಹೊಣೆಯಾಗಬೇಕು ಎಂಬ ಅದರ ಮಾತು ವ್ಯರ್ಥವಾಗಲಿಲ್ಲ. 2008ರ ತಿದ್ದುಪಡಿಯ ಮೂಲಕ, 2009ರ ಡಿಸೆಂಬರ್ 31ರಿಂದ, ದಂಡಪ್ರಕ್ರಿಯಾ ಸಂಹಿತೆಯಲ್ಲಿ ನೊಂದವರು ಯಾರೆಂಬ ವ್ಯಾಖ್ಯೆ ಬಂದಿತು; ಆರೋಪಿ ಬಿಡುಗಡೆಯಾದರೆ ಮೇಲ್ಮನವಿ ಹೂಡುವ ಹಕ್ಕೂ, ಪರಿಹಾರ ಯೋಜನೆಯೂ ಬಂದವು. ಕರ್ನಾಟಕವು 2011ರಲ್ಲಿ ತನ್ನದೇ ಆದ ಪರಿಹಾರ ಯೋಜನೆಯನ್ನು ಜಾರಿಗೆ ತಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಈ ಹಕ್ಕುಗಳನ್ನು ಉಳಿಸಿಕೊಂಡಿದೆ, ಕೆಲವನ್ನು ಹೆಚ್ಚಿಸಿದೆ.

ಕಾಯಿದೆ ದೆಹಲಿಯಲ್ಲಾಯಿತು. ಅದು ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ದುಡಿಯುವ ಹೆಣ್ಣುಮಗಳಿಗೆ ತಲಪುವುದು ಹೇಗೆ? ಇಲ್ಲಿಯೇ ತರಬೇತಿ ಪಡೆದವರ ಅಗತ್ಯ ಕಾಣುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವು ಬಳ್ಳಾರಿಯಲ್ಲಿದೆ. ತಾಲ್ಲೂಕು ಮಟ್ಟದ ಕೆಲಸಕ್ಕೆ ಕಾನೂನು ಸೇವಾ ಸಮಿತಿಗಳಿವೆ. 2009ರಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರವು ರೂಪಿಸಿದ ಯೋಜನೆಯಂತೆ, ವಕೀಲರಲ್ಲದ ಸಾಮಾನ್ಯರಿಗೂ ತರಬೇತಿ ಕೊಟ್ಟು ಅವರನ್ನು ಪ್ಯಾರಾ ಲೀಗಲ್ ಸ್ವಯಂಸೇವಕರನ್ನಾಗಿ ಮಾಡಲಾಗುತ್ತದೆ. ನಿವೃತ್ತ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಕಾನೂನು ವಿದ್ಯಾರ್ಥಿಗಳು ಯಾರೂ ಇದರಲ್ಲಿ ಸೇರಬಹುದು. 1916ರಲ್ಲಿ ಸ್ಥಾಪನೆಯಾದ ನಮ್ಮ ವೀರಶೈವ ವಿದ್ಯಾವರ್ಧಕ ಸಂಘದ ಆಶ್ರಯದಲ್ಲಿ ಬಳ್ಳಾರಿಯಲ್ಲಿ ಕಾನೂನು ಮಹಾವಿದ್ಯಾಲಯವೂ ನಡೆಯುತ್ತಿರುವುದು ಸಮಾಜಕ್ಕೆ ಹೆಮ್ಮೆಯ ಸಂಗತಿ. ಅಲ್ಲಿ ಕಲಿಯುವ ನಮ್ಮ ಮಕ್ಕಳು ಈ ಸೇವೆಗೆ ಮುಂದಾದರೆ ಮೆನನ್ ಅವರ ಪಾಠ ಹಗರಿಯ ದಂಡೆಗೂ ಬಂದಂತೆ.

ಅಂಥ ತರಬೇತಿಯಲ್ಲಿ ಕಲಿಯಬೇಕಾದುದೇನು? ಮೊದಲನೆಯದು, ಕೇಳುವುದು. ‘ನೀನು ಆ ಹೊತ್ತಿನಲ್ಲಿ ಅಲ್ಲಿಗೇಕೆ ಹೋದೆ?’ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಎಷ್ಟು ಸಹಜವಾಗಿ ಬರುತ್ತದೆ! ಆ ಒಂದು ಪ್ರಶ್ನೆಗೆ ಹೆದರಿ ಬಾಯಿ ಮುಚ್ಚಿದ ಮಗು ಮತ್ತೆ ವರ್ಷಗಟ್ಟಲೆ ಬಾಯಿ ತೆರೆಯದಿರಬಹುದು. ‘ತಪ್ಪು ನಿನ್ನದಲ್ಲ, ಹೇಳಿದ್ದು ಒಳ್ಳೆಯದಾಯಿತು’ ಎಂಬಷ್ಟೇ ಮಾತು ಆ ಹೊತ್ತಿಗೆ ಸಾಕು. ನಡೆದುದನ್ನು ಹತ್ತು ಜನರ ಮುಂದೆ ಹತ್ತು ಸಲ ಹೇಳಿಸಬಾರದು. ಹಾಗೆ ಹೇಳಿಸುವುದು ಆದ ಗಾಯವನ್ನೇ ಮತ್ತೆ ಕೆದಕಿದಂತೆ.

ಎರಡನೆಯದು, ಆಸ್ಪತ್ರೆ. ಲೈಂಗಿಕ ದೌರ್ಜನ್ಯಕ್ಕೂ ಆಮ್ಲ ದಾಳಿಗೂ ಒಳಗಾದವರಿಗೆ ಸರ್ಕಾರಿಯಾಗಲಿ ಖಾಸಗಿಯಾಗಲಿ ಯಾವ ಆಸ್ಪತ್ರೆಯೂ ಉಚಿತ ಚಿಕಿತ್ಸೆ ನಿರಾಕರಿಸುವಂತಿಲ್ಲ. ಲೈಂಗಿಕ ದೌರ್ಜನ್ಯವಾದರೆ ತೊಟ್ಟ ಬಟ್ಟೆಯನ್ನು ಒಗೆಯದೆ, ಸಾಧ್ಯವಾದರೆ ಸ್ನಾನ ಮಾಡಿಸದೆ, ಬೇಗನೆ ಕರೆದೊಯ್ಯಬೇಕು. ಮನೆಯ ಹಿರಿಯ ಹೆಂಗಸರು ಮಮತೆಯಿಂದಲೇ ಮೊದಲು ಸ್ನಾನ ಮಾಡಿಸುತ್ತಾರೆ. ಆದರೆ ಅದರೊಂದಿಗೆ ಸಾಕ್ಷ್ಯವೂ ತೊಳೆದುಹೋಗುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಮೂರನೆಯದು, ಠಾಣೆ. ಘಟನೆ ಎಲ್ಲಿಯೇ ನಡೆದಿರಲಿ, ಹತ್ತಿರದ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಕುರುಗೋಡಿನಲ್ಲಿ ನಡೆದುದನ್ನು ಬಳ್ಳಾರಿಯಲ್ಲಿ ದಾಖಲಿಸಲಾಗದು ಎಂದು ಹಿಂದಕ್ಕೆ ಕಳಿಸುವಂತಿಲ್ಲ. ಎಫ್.ಐ.ಆರ್. ಪ್ರತಿಯನ್ನು ನೊಂದವರಿಗೆ ಉಚಿತವಾಗಿ ಕೊಡಬೇಕು. ತನಿಖೆ ಎಲ್ಲಿಗೆ ಬಂದಿದೆ ಎಂಬುದನ್ನು 90 ದಿನಗಳೊಳಗೆ ತಿಳಿಸಬೇಕು. ಮಕ್ಕಳ ಪ್ರಕರಣದಲ್ಲಿ 2012ರ ಪೋಕ್ಸೊ ಕಾಯಿದೆಯಂತೆ ಪೊಲೀಸರು ಸಮವಸ್ತ್ರ ಧರಿಸದೆ ಮಗುವಿನ ಹೇಳಿಕೆ ಪಡೆಯಬೇಕು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಸಾಕ್ಷ್ಯ ಹೇಳುವಾಗ ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು. ಮೊದಲ ದಿನದಿಂದ ತೀರ್ಪಿನ ದಿನದವರೆಗೆ ಮಗುವಿನ ಜೊತೆಗಿರಲು ಬೆಂಬಲ ವ್ಯಕ್ತಿಯೊಬ್ಬರನ್ನು ಮಕ್ಕಳ ಕಲ್ಯಾಣ ಸಮಿತಿಯು ಒದಗಿಸಬಹುದೆಂದು 2020ರ ನಿಯಮಗಳು ಹೇಳುತ್ತವೆ. ನ್ಯಾಯಾಲಯದ ಗೋಡೆಗೆ ಒರಗಿ ಕುಳಿತ ಆ ತಾಯಿ ಮಗಳ ಪಕ್ಕದಲ್ಲಿ ಇರಬೇಕಾದವರು ಇವರೇ.

ನಾಲ್ಕನೆಯದು, ಪರಿಹಾರ. ಅಪರಾಧಿಗೆ ಶಿಕ್ಷೆಯಾಗುವವರೆಗೆ ಕಾಯಬೇಕೆಂದು ಹಲವರು ಭಾವಿಸಿದ್ದಾರೆ. ಹಾಗೇನಿಲ್ಲ. ಅಪರಾಧಿ ಯಾರೆಂದು ಪತ್ತೆಯಾಗದಿದ್ದರೂ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಪ್ರಾಧಿಕಾರವು ವಿಚಾರಣೆಯನ್ನು ಎರಡು ತಿಂಗಳಲ್ಲಿ ಮುಗಿಸಬೇಕು. ತುರ್ತಿದ್ದರೆ ಮಧ್ಯಂತರ ನೆರವೂ ಉಂಟು. ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ದೊರೆಯುತ್ತದೆ. ಹಣದಿಂದ ನೋವು ಮಾಯುವುದಿಲ್ಲ. ಆದರೆ ಶಾಲೆ ಬಿಟ್ಟ ಮಗು ಮತ್ತೆ ಶಾಲೆಗೆ ಹೋಗಲು, ಕೂಲಿ ಬಿಟ್ಟು ನ್ಯಾಯಾಲಯಕ್ಕೆ ಅಲೆಯುವ ತಾಯಿಯ ಒಲೆ ಆರದಿರಲು ಅದು ಬೇಕು.

ಇನ್ನು ನಮ್ಮ ಸಮಾಜದ ಒಳಗಿನ ಒಂದು ಮಾತನ್ನು ಹೇಳದೆ ಈ ಬರಹ ಮುಗಿಸುವುದು ಸರಿಯಲ್ಲ. ಮನೆತನದ ಮರ್ಯಾದೆ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಹೆಣ್ಣುಮಗಳಿಗೆ ಅನ್ಯಾಯವಾದಾಗ ಊರ ಹಿರಿಯರನ್ನು ಸೇರಿಸಿ ಒಳಗೊಳಗೇ ರಾಜಿ ಮಾಡಿಸುವುದನ್ನು ದೊಡ್ಡತನವೆಂದೇ ತಿಳಿದವರುಂಟು. ನಾವೂ ಅಂಥ ಕೆಲವು ಪಂಚಾಯಿತಿಗಳಲ್ಲಿ ಮೌನವಾಗಿ ಕುಳಿತು ಎದ್ದು ಬಂದವರೇ. ಆ ಮೌನದ ಭಾರ ಇಂದಿಗೂ ನಮ್ಮ ಮೇಲಿದೆ. ಮಗುವಿನ ಮೇಲಿನ ಲೈಂಗಿಕ ಅಪರಾಧವನ್ನು ರಾಜಿ ಮಾಡಿಸುವ ಅಧಿಕಾರ ಯಾವ ಹಿರಿಯರಿಗೂ ಇಲ್ಲ. ಅಷ್ಟೇ ಅಲ್ಲ, ತಿಳಿದೂ ದೂರು ಕೊಡದೆ ಇರುವುದೇ ಅಪರಾಧ. ಅದಕ್ಕೆ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಮರ್ಯಾದೆ ಹೋಗುವುದೆಂಬ ಅಂಜಿಕೆಗೂ ಕಾನೂನಿನಲ್ಲಿ ಉತ್ತರವಿದೆ. ಇಂಥ ಪ್ರಕರಣಗಳಲ್ಲಿ ನೊಂದವರ ಹೆಸರು, ಗುರುತು ಪ್ರಕಟಿಸುವುದು ಶಿಕ್ಷಾರ್ಹ. ಮರ್ಯಾದೆ ಕಳೆದುಕೊಳ್ಳಬೇಕಾದವನು ತಪ್ಪು ಮಾಡಿದವನೇ ಹೊರತು ನೊಂದವಳಲ್ಲ.

ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೆ ಸುತ್ತಲ ಹಳ್ಳಿಗಳ ಕುಟುಂಬಗಳು ಬಂಡಿ ಕಟ್ಟಿಕೊಂಡು, ಟ್ರ್ಯಾಕ್ಟರ್ ಏರಿ ಬರುತ್ತವೆ. ಅಲ್ಲಿ ದಾಸೋಹ ನಡೆಸುವ ನಮ್ಮ ಬಾಂಧವರು ಒಂದು ಮೂಲೆಯಲ್ಲಿ ಮೇಜು ಹಾಕಿ, ತರಬೇತಿ ಪಡೆದ ಇಬ್ಬರು ತಾಯಂದಿರನ್ನು ಕೂರಿಸಿದರೆ ಎಷ್ಟು ಒಳಿತಾದೀತು! ಅನ್ನ ಹಸಿದವರಿಗೆ, ಅರಿವು ಅಂಜಿದವರಿಗೆ. ಪ್ರತಿ ಮನೆಯ ಕ್ಯಾಲೆಂಡರಿನ ಪಕ್ಕದಲ್ಲಿ ನಾಲ್ಕು ಸಂಖ್ಯೆಗಳನ್ನು ಬರೆದಿಡಿರಿ: ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098, ಕಾನೂನು ನೆರವಿಗೆ 15100.

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ನಮ್ಮ ಪ್ರತಿ ಓಣಿಯಿಂದ ಒಬ್ಬ ಮಹಿಳೆಯಾದರೂ ಈ ತರಬೇತಿಗೆ ಮುಂದೆ ಬರಲಿ, ಮನೆಯವರು ಅದಕ್ಕೆ ಅಡ್ಡಿಯಾಗದಿರಲಿ ಎಂಬುದು ನಮ್ಮ ಅರಿಕೆ. ಒಬ್ಬ ಅಧ್ಯಾಪಕರು ಜೀವಮಾನವಿಡೀ ಕಲಿಸಿದ್ದನ್ನು ನಾವು ಒಂದು ಓಣಿಯ ಮಟ್ಟಿಗಾದರೂ ಕಲಿಯಲಾರೆವೆ?