‘ಪೀಮ್’ ಎಂಬ ಒಂದು ಶಬ್ದ

ಪ್ರಾಚೀನ ಗ್ರಂಥಗಳಲ್ಲಿ ಒಂದೇ ಒಂದು ಸಲ ಕಾಣಿಸಿಕೊಂಡು ಮರೆಯಾಗುವ ಶಬ್ದಗಳುಂಟು. ಅಂಥವಕ್ಕೆ ಅರ್ಥ ಹೇಳುವುದು ಕಷ್ಟ; ಹೋಲಿಸಿ ನೋಡೋಣವೆಂದರೆ ಬೇರೆ ಪ್ರಯೋಗವೇ ಇರುವುದಿಲ್ಲ. ಹೀಬ್ರೂ ಬೈಬಲಿನ ‘ಪೀಮ್’ ಇಂಥದೊಂದು. ನಾನು ಹೀಬ್ರೂ ಪಂಡಿತನಲ್ಲ, ಇತಿಹಾಸದ ವಿದ್ಯಾರ್ಥಿ. ಹೆಬ್ಬೆರಳಿನ ತುದಿಯಷ್ಟು ದೊಡ್ಡ ಕಲ್ಲೊಂದು ಎರಡು ಸಾವಿರ ವರ್ಷಗಳ ವ್ಯಾಖ್ಯಾನವನ್ನು ತಿದ್ದಿತೆಂಬ ಕಾರಣಕ್ಕೆ ಈ ಶಬ್ದದ ಮೇಲೆ ನನಗೆ ಆಸಕ್ತಿ.

ಶಬ್ದ ಬರುವುದು ಸಮುವೇಲನ ಮೊದಲನೆಯ ಗ್ರಂಥದ 13ನೆಯ ಅಧ್ಯಾಯದಲ್ಲಿ. ಸೌಲ ಇಸ್ರಾಯೇಲ್ಯರ ಅರಸನಾಗಿದ್ದ ಕಾಲ, ಎಂದರೆ ಸುಮಾರು ಕ್ರಿ. ಪೂ. 11ನೆಯ ಶತಮಾನ. ಕಡಲ ತೀರದ ಬಯಲಿನಲ್ಲಿ ಫಿಲಿಷ್ಟಿಯರು ಪ್ರಬಲರು. ಇಸ್ರಾಯೇಲ್ಯರು ಗುಡ್ಡಗಾಡಿನ ಒಕ್ಕಲಿಗರು. ಅವರ ನಾಡಿನಲ್ಲಿ ಒಬ್ಬ ಕಮ್ಮಾರನೂ ಇರದಂತೆ ಫಿಲಿಷ್ಟಿಯರು ನೋಡಿಕೊಂಡಿದ್ದರು. ಕಮ್ಮಾರನಿದ್ದರೆ ಕತ್ತಿ ಈಟಿಗಳು ಹುಟ್ಟಿಕೊಳ್ಳುವುವೆಂಬ ಭಯ ಅವರಿಗೆ. ಹೀಗಾಗಿ ನೇಗಿಲ ಗುಳ, ಗುದ್ದಲಿ, ಕೊಡಲಿಗಳನ್ನು ಹರಿತ ಮಾಡಿಸಬೇಕಾದರೆ ರೈತನು ಬೆಟ್ಟವಿಳಿದು ಶತ್ರುವಿನ ಕುಲುಮೆಗೇ ಹೋಗಬೇಕು. ಇಷ್ಟು ಹೇಳಿದ ಮೇಲೆ 21ನೆಯ ವಚನದಲ್ಲಿ ಎರಡು ಶಬ್ದಗಳು ಜೊತೆಯಾಗಿ ಬರುತ್ತವೆ: ‘ಪೆತ್ಸೀರಾ’ ಮತ್ತು ‘ಪೀಮ್’. ಮೊದಲನೆಯದೂ ಬೈಬಲಿನಲ್ಲಿ ಇದೊಂದೇ ಕಡೆ ಇರುವಂಥದು. ಕುರುಡನಿಗೆ ಕುರುಡನೇ ಜೊತೆ!

ಭಾಷಾಂತರಕಾರರು ಪಟ್ಟ ಪಾಡು ಅಷ್ಟಿಷ್ಟಲ್ಲ. ಹೀಬ್ರೂವಿನಲ್ಲಿ ‘ಪೆ’ ಎಂದರೆ ಬಾಯಿ. ‘ಈಮ್’ ಬಹುವಚನದ ಪ್ರತ್ಯಯ. ಆದ್ದರಿಂದ ‘ಪೀಮ್’ ಎಂದರೆ ಬಾಯಿಗಳು ಎಂದು ಬಗೆದರು. ಕೊಡಲಿಯ ಬಾಯಿ, ಇಬ್ಬಾಯಿ ಕತ್ತಿ ಎನ್ನುವ ನಮಗೆ ಈ ಊಹೆ ವಿಚಿತ್ರವೆನಿಸದು. ಹೀಬ್ರೂ ಭಾಷೆಯೂ ಆಯುಧದ ಅಲಗನ್ನು ಬಾಯಿಯೆಂದೇ ಕರೆಯುತ್ತದೆ. ಲ್ಯಾಟಿನ್ ಭಾಷಾಂತರದಲ್ಲಿ ಗುಳಗಳ ಅಲಗು ಮೊಂಡಾಗಿತ್ತೆಂದು ಅರ್ಥ ಮಾಡಿದರು. 1611ರ ಇಂಗ್ಲಿಷ್ ಬೈಬಲಿನವರು ಇಸ್ರಾಯೇಲ್ಯರ ಬಳಿ ‘ಅರ’ವೊಂದಿತ್ತೆಂದು ಬರೆದು, ಮೂಲದಲ್ಲಿ ‘ಬಾಯಿಗಳುಳ್ಳ ಅರ’ ಎಂದಿದೆಯೆಂದು ಅಂಚಿನಲ್ಲಿ ಸೂಚಿಸಿದರು. ಅವರೆಲ್ಲರಿಗಿಂತ ಹಿಂದಿನ ಗ್ರೀಕ್ ಭಾಷಾಂತರದಲ್ಲಿ ಮಾತ್ರ ಈ ಜಾಗದಲ್ಲಿ ಮೂರು ಶೆಕೆಲ್ ಎಂಬ ಬೆಲೆಯ ಮಾತು ಬರುತ್ತದೆ. ಲೆಕ್ಕ ತಪ್ಪಿದರೂ ದಿಕ್ಕು ತಪ್ಪಿರಲಿಲ್ಲ.

ಮೆಕಾಲಿಸ್ಟರ್ ಎಂಬ ವಿದ್ವಾಂಸರು 1902 ರಿಂದ 1909ರ ವರೆಗೆ, ನಡುವೆ ಕೆಲಕಾಲ ಬಿಟ್ಟು, ಪ್ಯಾಲೆಸ್ತೀನಿನ ಗೆಜೆರ್ ಎಂಬಲ್ಲಿ ಉತ್ಖನನ ನಡೆಸಿದರು. 1912ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ ಒಂದು ತೂಕದ ಕಲ್ಲಿನ ಚಿತ್ರವಿದೆ. ಅಂಥದೇ ಇನ್ನೊಂದನ್ನು ಫ್ರೆಂಚ್ ಪಂಡಿತ ಕ್ಲೆರ್ಮೊಂ-ಗಾನೋ 1907ರಲ್ಲಿಯೇ ಪ್ರಕಟಿಸಿದ್ದರು. ಅಡಿ ಚಪ್ಪಟೆ, ತಲೆ ಗುಮ್ಮಟದಂತೆ ಉರುಟು. ಆ ತಲೆಯ ಮೇಲೆ ಪ್ರಾಚೀನ ಲಿಪಿಯಲ್ಲಿ ಮೂರೇ ಅಕ್ಷರ: ಪೇ, ಯೋದ್, ಮೇಮ್. ಕಾಗುಣಿತವಿಲ್ಲದ ಆ ಬರವಣಿಗೆಯಲ್ಲಿ ಇದೇ ‘ಪೀಮ್’! ಅನಂತರ ಇಂಥ ಕಲ್ಲುಗಳು ಹಲವು ದೊರೆತವು. ತೂಗಿ ನೋಡಿದರೆ ಏಳೂವರೆಗೂ ಎಂಟು ಗ್ರಾಮಿಗೂ ನಡುವೆ ನಿಲ್ಲುತ್ತವೆ. ಶೆಕೆಲ್ ಎಂಬುದು ಸುಮಾರು 11.3 ಗ್ರಾಂ, ನಮ್ಮ ತೊಲಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಎಂದಮೇಲೆ ಪೀಮ್ ಎಂದರೆ ಶೆಕೆಲಿನ ಮೂರರಲ್ಲಿ ಎರಡು ಪಾಲು.

ಇದೇ ಬಗೆಯ ಕಲ್ಲುಗಳ ಮೇಲೆ ‘ಬೆಕಾ’, ‘ನೆತ್ಸೆಫ್’ ಎಂಬ ಹೆಸರುಗಳೂ ಇವೆ. ಬೆಕಾ ಎಂದರೆ ಅರ್ಧ ಶೆಕೆಲ್ ಎಂದು ವಿಮೋಚನಕಾಂಡವೇ ಬಿಡಿಸಿ ಹೇಳಿದೆ, ಅಲ್ಲಿ ತಕರಾರಿಲ್ಲ. ತೂಕದ ಹೆಸರಾಗಿ ನೆತ್ಸೆಫ್ ಬೈಬಲಿನಲ್ಲಿ ಬರುವುದೇ ಇಲ್ಲ. ಪೀಮ್ ಒಂದೇ, ಬಂದೂ ವಿವರಣೆಯಿಲ್ಲದೆ ನಿಂತದ್ದು. ಕಲ್ಲುಗಳು ಬಹುಮಟ್ಟಿಗೆ ಕ್ರಿ. ಪೂ. 8 ರಿಂದ 6ನೆಯ ಶತಮಾನದವು, ಸೌಲನಿಗಿಂತ ಈಚಿನವು ಎಂಬ ಆಕ್ಷೇಪಣೆಗೆ ಜಾಗವಿದೆ. ಆದರೂ ಹರಿತ ಮಾಡುವ ಮಾತಿನ ನಡುವೆ ತೂಕದ ಹೆಸರು ಬಂದರೆ ಅದು ಕೂಲಿಯಲ್ಲದೆ ಮತ್ತೇನು? ನಾಣ್ಯ ಇನ್ನೂ ಹುಟ್ಟಿರಲಿಲ್ಲ. ಬೆಳ್ಳಿಯನ್ನು ತೂಗಿಯೇ ಕೊಡಬೇಕು.

ಹೀಗೆ ನೋಡಿದಾಗ ವಚನದ ಧ್ವನಿಯೇ ತಿರುಗಿಬಿಡುತ್ತದೆ. ಕಮ್ಮಾರನಿಲ್ಲದಿದ್ದರೂ ಮನೆಯಲ್ಲಿ ಒಂದು ಅರವಿತ್ತು, ಹೇಗೋ ಉಜ್ಜಿಕೊಂಡರು ಎಂಬ ಸಮಾಧಾನ ಹಳೆಯ ಅರ್ಥದಲ್ಲಿತ್ತು. ಹೊಸ ಅರ್ಥದಲ್ಲಿ ಅದು ಸುಲಿಗೆಯ ದರಪಟ್ಟಿ. ಎಷ್ಟು ಸುಲಿಗೆ ಎಂಬುದಕ್ಕೆ ನ್ಯಾಯಸ್ಥಾಪಕರ ಗ್ರಂಥದಲ್ಲಿ ಒಂದು ಅಳತೆಗೋಲು ಸಿಗುತ್ತದೆ. ಅಲ್ಲಿ ಮೀಕನೆಂಬುವನು ತನ್ನ ಮನೆಯ ಪೂಜಾರಿಗೆ ವರ್ಷಕ್ಕೆ ಹತ್ತು ಶೆಕೆಲ್ ಬೆಳ್ಳಿ, ಮೇಲೆ ಊಟ ಬಟ್ಟೆ ಗೊತ್ತು ಮಾಡುತ್ತಾನೆ. ಹತ್ತು ಶೆಕೆಲಿಗೆ ಹದಿನೈದು ಪೀಮ್. ಎಂದರೆ ಒಂದು ಗುಳವನ್ನು ಒಮ್ಮೆ ತಟ್ಟಿಸುವ ಕೂಲಿ ಆ ಪೂಜಾರಿಯ ಇಪ್ಪತ್ತನಾಲ್ಕು ದಿನಗಳ ಬೆಳ್ಳಿ ಸಂಬಳಕ್ಕೆ ಸಮ! ಗುಳವೋ, ಕಲ್ಲುನೆಲದಲ್ಲಿ ಉತ್ತಷ್ಟೂ ಮೊಂಡಾಗುವ ವಸ್ತು.

1952ರ ಇಂಗ್ಲಿಷ್ ಪರಿಷ್ಕರಣದಲ್ಲಿ ಅರವನ್ನು ಕೈಬಿಟ್ಟು, ‘ಪೀಮ್’ ಶಬ್ದವನ್ನು ಭಾಷಾಂತರಿಸದೆ ಹಾಗೆಯೇ ಕೂಲಿಯ ಹೆಸರಾಗಿ ಇಟ್ಟರು. ಮುಂದಿನ ವಚನವನ್ನು ಯಾರೂ ತಿದ್ದಬೇಕಾಗಿ ಬರಲಿಲ್ಲ: ಯುದ್ಧದ ದಿನ ಇಸ್ರಾಯೇಲ್ಯರ ಇಡೀ ದಂಡಿನಲ್ಲಿ ಕತ್ತಿ ಈಟಿಗಳಿದ್ದವರು ಇಬ್ಬರೇ, ಸೌಲ ಮತ್ತು ಅವನ ಮಗ ಯೋನಾತಾನ.