ಮಣ್ಣಿಗೂ ಸವಕಳಿ ಲೆಕ್ಕ ಬೇಡವೇ?

ಸುರಪುರ ತಾಲ್ಲೂಕಿನ ಬೋನಾಳವೆಂದೊಡನೆ ಪಕ್ಷಿಧಾಮದ ಕೆರೆ ನೆನಪಿಗೆ ಬರುವುದು ಸಹಜ. ಸುರಪುರದ ನಾಯಕ ಅರಸರ ಕಾಲದ, ಮುಂದೆ ಮೆಡೋಸ್ ಟೇಲರನ ಕಾಲದಲ್ಲಿ ಜೀರ್ಣೋದ್ಧಾರಗೊಂಡ ಆ ಕೆರೆಯ ಸುತ್ತಣ ಹೊಲಗಳ ಮಣ್ಣು ವರ್ತಕರ ಚರ್ಚೆಗೆ ಬರುವುದು ಮಾತ್ರ ಅಪರೂಪ. ಯಾದಗಿರಿ, ಶಹಾಪುರ, ಸುರಪುರಗಳ ಹತ್ತಿ, ಬೇಳೆ ಹಾಗೂ ಅಕ್ಕಿ ವಹಿವಾಟಿನ ಮೂಲ ಸರಕು ಹುಟ್ಟುವುದು ಇಂಥ ಮಣ್ಣಿನಲ್ಲಿಯೇ. ಗಿರಣಿಯ ಯಂತ್ರಕ್ಕೆ ವರ್ಷಂಪ್ರತಿ ಸವಕಳಿ ತೆಗೆದಿಡುವ ಉದ್ಯಮಿ ಈ ಮೂಲ ಬಂಡವಾಳದ ಸವಕಳಿಯನ್ನು ಗಮನಿಸಿದಂತಿಲ್ಲ.

ಹಿಂದೆ ಇಲ್ಲಿನ ಒಕ್ಕಲುತನ ಜೋಳ, ತೊಗರಿ, ಸಜ್ಜೆಗಳದು. ಕೊಟ್ಟಿಗೆ ಗೊಬ್ಬರ, ಕೆರೆಯ ಹೂಳು, ಹೊಲದಲ್ಲಿ ತರುಬಿಸಿದ ಕುರಿ ಹಿಂಡು ಇವೇ ಮಣ್ಣಿನ ಜಮಾ. ತೊಗರಿಯ ಬೇರು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತಿತ್ತು, ಉದುರಿದ ಎಲೆ ನೆಲಕ್ಕೆ ಸೇರುತ್ತಿತ್ತು. 1982ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಪೂರ್ಣಗೊಂಡು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಚಿತ್ರ ಬದಲಾಯಿತು. ಲಘು ನೀರಾವರಿಗೆ ರೂಪಿಸಿದ ಯೋಜನೆಯಲ್ಲಿ ಭತ್ತ ಹಬ್ಬಿತು. ನೀರು ಬೇಗ ಬಸಿದುಹೋಗದ ಕಪ್ಪು ಎರೆಯಲ್ಲಿ ನೀರು ನಿಂತರೆ ಅಂತರ್ಜಲ ಮೇಲೇರಿ ಲವಣವನ್ನೂ ಮೇಲಕ್ಕೆ ತರುತ್ತದೆ. ಸವುಳಾದ ಹೊಲಕ್ಕೆ ಜಿಪ್ಸಮ್, ಬಸಿಗಾಲುವೆ ಎಂದು ಖರ್ಚು ಮಾಡುವ ಶಕ್ತಿ ಸಣ್ಣ ಹಿಡುವಳಿದಾರನಿಗೆ ಎಲ್ಲಿಂದ ಬಂದೀತು?

ಬೆಲೆಯ ಲೆಕ್ಕವನ್ನೂ ನೋಡಬೇಕು. 45 ಕಿಲೋ ಯೂರಿಯಾ ಚೀಲದ ಬೆಲೆ ರೂ. 266.50, ಅದರಲ್ಲಿರುವ ಸಾರಜನಕ 20.7 ಕಿಲೋ. ಅಂದರೆ ಕಿಲೋ ಸಾರಜನಕಕ್ಕೆ ಸುಮಾರು 13 ರೂಪಾಯಿ. 2024ರಲ್ಲಿ ರೂ. 1,350ಕ್ಕೆ ಮಾರಾಟವಾದ 50 ಕಿಲೋ ಡಿಎಪಿಯಲ್ಲಿ ಸಾರಜನಕದ ಮೌಲ್ಯ ಕಳೆದರೆ ಕಿಲೋ ರಂಜಕಕ್ಕೆ ಸುಮಾರು 54 ರೂಪಾಯಿ ಬೀಳುತ್ತದೆ. 2010ರಲ್ಲಿ ಪೋಷಕಾಂಶ ಆಧಾರಿತ ಸಹಾಯಧನ ಜಾರಿಗೆ ಬಂದಾಗ ಯೂರಿಯಾ ಅದರಿಂದ ಹೊರಗುಳಿದುದರ ಫಲವಿದು. ಅಗ್ಗವಾದುದನ್ನು ರೈತ ಹೆಚ್ಚು ಸುರಿದರೆ ಅವನನ್ನು ದೂರುವಂತಿಲ್ಲ.

2009ರಲ್ಲಿ ರಾಜ್ಯ ಸರ್ಕಾರವು ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಹಯೋಗದಲ್ಲಿ ಆರಂಭಿಸಿದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳು ಗಂಧಕ, ಸತು, ಬೋರಾನ್ ಕೊರತೆಯನ್ನು ವ್ಯಾಪಕವಾಗಿ ತೋರಿಸಿದವು. 2015ರಿಂದ ಮಣ್ಣು ಆರೋಗ್ಯ ಚೀಟಿಯೂ ಬಂದಿತು. ಆದರೂ ಉದ್ರಿ ಕೊಳ್ಳುವವನ ಆಯ್ಕೆಯನ್ನು ಚೀಟಿಗಿಂತ ಅಂಗಡಿಯ ದಾಸ್ತಾನೇ ನಿರ್ಧರಿಸುತ್ತದೆ. ಔಷಧ ಬರೆಯುವವನೂ, ಮಾರುವವನೂ, ಸಾಲ ಕೊಡುವವನೂ ಒಬ್ಬನೇ ಆದಾಗ ಹೊಣೆಯೂ ಅವನದೇ ಅಲ್ಲವೇ?

ಇದೇ ಇಕ್ರಿಸ್ಯಾಟ್ ನೈಜರ್, ಮಾಲಿ ದೇಶಗಳ ಮರಳು ಭೂಮಿಯಲ್ಲಿ ಬೇರೊಂದು ದಾರಿ ಹಿಡಿಯಿತು. ಹೊಲಕ್ಕೆಲ್ಲ ಗೊಬ್ಬರ ಎರಚದೆ, ಬಾಟಲಿಯ ಮುಚ್ಚಳದಲ್ಲಿ ಅಳೆದು ಸಜ್ಜೆಯ ಪ್ರತಿ ಗುಣಿಗೆ ಕೆಲವೇ ಗ್ರಾಂ ಹಾಕುವ ಪದ್ಧತಿಯದು. ಅಲ್ಲಿನ ಕಷ್ಟ ಗೊಬ್ಬರದ ಅಭಾವ. 2006ರ ಅಬುಜಾ ಘೋಷಣೆ ಹೆಕ್ಟೇರಿಗೆ 8 ಕಿಲೋ ಬಳಕೆಯನ್ನು 2015ರೊಳಗೆ 50ಕ್ಕೆ ಏರಿಸುವ ಗುರಿ ಇಟ್ಟುಕೊಂಡಿತ್ತು. ಇಲ್ಲಿಯ ಕಷ್ಟ ಅಸಮತೋಲ. ಆಫ್ರಿಕದ ಮಣ್ಣಿನ ಗೊಡವೆ ಬೇಳೆ ವರ್ತಕರಿಗೇಕೆ ಎನ್ನುವಂತಿಲ್ಲ: 2016ರ ಒಪ್ಪಂದದಂತೆ ಭಾರತಕ್ಕೆ ತೊಗರಿ ಬರುತ್ತಿರುವುದು ಮೊಜಾಂಬಿಕ್‌ನ ಸಣ್ಣ ರೈತರ ಹೊಲಗಳಿಂದಲೇ. ಮೆಕ್ಕೆಜೋಳದ ಜೊತೆ ಅಂತರಬೆಳೆಯಾಗಿ ಅವರು ಅದನ್ನು ಬೆಳೆಯುತ್ತಾರೆ. ಇಲ್ಲಿ ಕಾಲುವೆ ಬಂದೆಡೆ ಕೈಬಿಟ್ಟ ಪದ್ಧತಿಯೂ ಹೆಚ್ಚುಕಡಿಮೆ ಅದೇ.

ಸುರಪುರ ತಾಲ್ಲೂಕಿನಲ್ಲಿಯೇ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವಿದೆ, ಶಹಾಪುರದ ಕಡೆ ಭೀಮರಾಯನಗುಡಿಯ ಕೃಷಿ ಕಾಲೇಜಿದೆ. ಬೇಸಿಗೆಯಲ್ಲಿ ಹೊಲ ಖಾಲಿಯಿರುವಾಗ ಮಣ್ಣಿನ ಮಾದರಿ ತೆಗೆಸಿದರೆ, ಮುಂಗಾರಿನ ಉದ್ರಿ ಖಾತೆ ಬರೆಯುವ ವೇಳೆಗೆ ಫಲಿತಾಂಶವು ವರ್ತಕನ ಮೇಜಿನ ಮೇಲಿರಬಹುದು.